ನಲವತ್ತು ಎಕರೆ ಬಾಗ್

ಹಂಪಿ

ಹಂಪಿಯಲ್ಲಿ ನನ್ನದೊಂದು ಸಣ್ಣ ಗೆಸ್ಟ್ ಹೌಸ್ ಇದೆ. ಪರದೇಶದವರು ನಮ್ಮ ಮನೆಗೆ ಬಂದರೆ ನಮ್ಮ ಒಲೆ ಉರಿಯುತ್ತದೆ. ನಾನೇ ಪರದೇಶಕ್ಕೆ ಹೋಗುವುದು ಕಸುಬಿಗೆ ವಿರುದ್ಧ. ಆದರೂ ಹೋದೆ. ಅದೂ ಹೆಣ್ಣಿನ ಕಡೆಯವನಾಗಿ ಹೋದೆ.

ಹೆಣ್ಣು ಅಂದರೆ ನೋರಾ. ಐರ್ಲೆಂಡಿನವಳು, ವಯಸ್ಸು ಅರವತ್ತು ದಾಟಿದೆ, ತಲೆ ಪೂರಾ ಬೆಳ್ಳಗೆ. ಪ್ರತಿ ಚಳಿಗಾಲ ನಮ್ಮಲ್ಲಿಗೆ ಬಂದು ಬಂಡೆ ಹತ್ತುವುದು ಅವಳ ಹುಚ್ಚು. ಒಂದು ವರ್ಷ ಬಂಡೆ ಅವಳನ್ನು ಕೆಳಗೆ ಕಳಿಸಿತು, ಕಾಲು ಮುರಿಯಿತು. ಆಗ ಕಂಪ್ಲಿ ಹತ್ತಿರದ ಮೆಟ್ರಿಯಿಂದ ನನ್ನ ಅಕ್ಕ ಪಾರ್ವತಿ, ನಮ್ಮೆಲ್ಲರ ಬಾಯಲ್ಲಿ ಪಾರಕ್ಕ, ಟ್ರ್ಯಾಕ್ಟರ್ ಕಟ್ಟಿಸಿಕೊಂಡು ಬಂದಳು. ಟ್ರಾಲಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಗಾದಿ, ಗಾದಿಯ ಮೇಲೆ ನೋರಾ. ಹಾಗೆ ತನ್ನ ಮನೆಗೆ ಒಯ್ದು, ಕಾಲು ಕೂಡುವವರೆಗೆ ಇಟ್ಟುಕೊಂಡಳು. ಕಾಲು ಸ್ವಲ್ಪ ಸೊಟ್ಟಗೆ ಕೂಡಿತು. ಆದರೆ ನಾಲಗೆ ಮಾತ್ರ ಮೆಟ್ರಿಯ ಕನ್ನಡಕ್ಕೆ ನೇರವಾಗಿ ಕೂಡಿಬಿಟ್ಟಿತು.

ಆ ನೋರಾ ಒಂದು ದಿನ ಫೋನ್ ಮಾಡಿದಳು. ಅಕ್ಕ ನಮ್ಮ ಮನೆಯಲ್ಲೇ ಇದ್ದಳು.

"ಅಕ್ಕಾ, ನಂದು ಲಗ್ನ ಐತಿ. ನನಗ ತವರು ಅಂತ ಯಾರದಾರ ಹೇಳ್ರಿ? ನೀವ ಬರಬೇಕು. ಟಿಕೆಟ್ ನಾ ಕಳಸ್ತೀನಿ."

ಅಕ್ಕನಿಗೆ ಕಣ್ಣು ತುಂಬಿತು. ಆದರೂ ಹೆಣ್ಣಿನ ಕಡೆಯವರು ಕೇಳಬೇಕಾದ್ದನ್ನು ಕೇಳದೆ ಬಿಡಲಿಲ್ಲ.

"ಹುಡುಗನ ಹೆಸರೇನವಾ?"

"ಪ್ಯಾಡಿ."

ಅಕ್ಕ ನನ್ನ ಮುಖ ನೋಡಿದಳು. ಕಂಪ್ಲಿ ಸೀಮೆಯಲ್ಲಿ ಇಂಗ್ಲಿಷಿನ ಗಂಧ ಇಲ್ಲದವರಿಗೂ ಪ್ಯಾಡಿ ಎಂದರೆ ಭತ್ತ ಎಂದು ಗೊತ್ತು. ಗಿರಣಿ ಬೋರ್ಡಿನಲ್ಲಿ, ಬೀಜದ ಚೀಲದಲ್ಲಿ, ದಲ್ಲಾಳಿಯ ಬಾಯಲ್ಲಿ ಎಲ್ಲ ಅದೇ. "ಇರಲಿ ಬಿಡು," ಎಂದಳು ಅಕ್ಕ, "ಒಳ್ಳೇ ಹೆಸರು. ಅನ್ನದ ಹೆಸರು. ಆಸ್ತಿ ಎಷ್ಟೈತಿ?"

"ನಲವತ್ತ ಎಕರೆ ಬಾಗ್ ಐತಿ ಅಕ್ಕಾ," ಎಂದು ನೋರಾ ನಕ್ಕಳು. ಯಾಕೆ ನಕ್ಕಳು ಎಂದು ಕೇಳುವುದರೊಳಗೆ ಫೋನ್ ಕಟ್ಟಾಯಿತು.

ಬಾಗ್ ಎಂದರೆ ತೋಟ. ಬೆಂಗಳೂರಿನ ಲಾಲ್‌ಬಾಗ್ ನೋಡಿದವರಿಗೂ ಗೊತ್ತು, ನೋಡದವರಿಗೂ ಗೊತ್ತು. ಆದರೂ ಖಾತ್ರಿಯಾಗಲಿ ಎಂದು ಹೊಸಪೇಟೆಯಲ್ಲಿ ನಮಗೆ ಹಾಸಿಗೆ ಹೊಲಿದುಕೊಡುವ ಸಾಹೇಬರನ್ನು ಕೇಳಿದೆ. "ಬಾಗ್ ಅಂದ್ರೆ ಬಗೀಚಾ. ಮಸ್ತ್ ಗಾರ್ಡನ್ ಇರ್ತದೆ ನೋಡ್ರಿ," ಎಂದರು ಅವರು. ಅಲ್ಲಿಗೆ ಮುಗಿಯಿತು. ಅಕ್ಕ ಮೆಟ್ರಿಗೆ ಹೋಗಿ, ನಮ್ಮ ನೂರವ್ವನಿಗೆ ನಲವತ್ತು ಎಕರೆ ತೋಟದ ಗಂಡು ಸಿಕ್ಕಿದ್ದಾನೆ ಎಂದು ಕಟ್ಟೆ ಕಟ್ಟೆಗೂ ಹೇಳಿ ಬಂದಳು. ನೋರಾ ಎಂಬ ಹೆಸರು ಅವಳ ಬಾಯಲ್ಲಿ ಯಾವಾಗಲೂ ನೂರವ್ವ.

ಭಾವ ಭತ್ತದ ಸಸಿಮಡಿ ಬಿಟ್ಟು ಬರುವಂತಿರಲಿಲ್ಲ. ನನ್ನ ಹೆಂಡತಿ ಗೆಸ್ಟ್ ಹೌಸ್ ಬಿಟ್ಟು ಬರುವಂತಿರಲಿಲ್ಲ. ಹೀಗಾಗಿ ಹೊರಟವರು ನಾವಿಬ್ಬರೇ. ತೋಟ ನೋಡುವ ಶಾಸ್ತ್ರಕ್ಕೆಂದು ಹೊಸಪೇಟೆಯಲ್ಲಿ ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಳಿ ಬೂಟು ತಗೊಂಡೆ. ನನ್ನ ಹೆಂಡತಿ ಸಂಡೂರಿನ ಹತ್ತಿರದ ಯಶವಂತನಗರದವಳು, ಅದಿರಿನ ಲಾರಿಗಳ ಕೆಂಪು ದೂಳಿನಲ್ಲಿ ಬೆಳೆದವಳು. ಬಿಳಿ ಬಟ್ಟೆ ಕಂಡರೆ ಅವಳಿಗೆ ಒಗೆಯುವ ಕಲ್ಲೇ ನೆನಪಾಗುತ್ತದೆ.

"ಬಿಳೀದು ಬ್ಯಾಡ್ರಿ," ಎಂದಳು.

"ಅಲ್ಲಿ ದೂಳಿಲ್ಲ ಕಣೇ," ಎಂದೆ.

ದೂಳಿರಲಿಲ್ಲ. ಆ ಮಾತು ಮಾತ್ರ ನಿಜವಾಯಿತು.

ವಿಮಾನ ಇಳಿದ ಮೇಲೆ

ವಿಮಾನದಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಅಕ್ಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ಪಕ್ಕದ ಸೀಟಿನ ಗಂಡಸು ಕಣ್ಣಲ್ಲೇ ಕೇಳಿದ, ಅಕ್ಕ ಕೈಯಲ್ಲೇ ಕೊಟ್ಟಳು. ಖಾರಕ್ಕೆ ಅವನು ನೀರು ಕುಡಿದದ್ದನ್ನು ನೋಡಿ ಗಗನಸಖಿ ಗಾಬರಿಯಾದಳು. ಅಷ್ಟೇ.

ಇಳಿದ ಮೇಲೆ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ಮದುವೆಗೆ ಎಂದೆ.

"ಯಾರ ಮದುವೆ?"

"ಪ್ಯಾಡಿಯದು."

"ಯಾವ ಪ್ಯಾಡಿ?" ಎಂದ. ಆ ದೇಶದಲ್ಲಿ ಪ್ಯಾಡಿಗಳು ನಮ್ಮಲ್ಲಿಯ ಹನುಮಂತಪ್ಪಗಳ ಹಾಗೆ, ಕರೆದರೆ ಸಂತೆಯೇ ತಿರುಗಿ ನೋಡುತ್ತದೆ ಎಂದು ನನಗೇನು ಗೊತ್ತು? ಗುರುತಿಗೆ ಇರಲಿ ಎಂದು ಹೆಮ್ಮೆಯಿಂದ, "ನಲವತ್ತು ಎಕರೆ ಬಾಗ್ ಇರುವ ಪ್ಯಾಡಿ" ಎಂದೆ. ಅಧಿಕಾರಿ ನಮ್ಮನ್ನು ನೋಡಿದ. ಅಕ್ಕನ ಇಳಕಲ್ ಸೀರೆ ನೋಡಿದ. ಆಮೇಲೆ, "ದೇವರು ಆ ಹೆಣ್ಣನ್ನು ಕಾಪಾಡಲಿ" ಎಂದು ಮುದ್ರೆ ಒತ್ತಿದ.

"ಏನಂದ?" ಎಂದಳು ಅಕ್ಕ.

"ಆಶೀರ್ವಾದ ಮಾಡಿದ."

"ಸರ್ಕಾರಿ ಮನಿಷ್ಯಾ ಆಶೀರ್ವಾದ ಮಾಡ್ತಾನಂದ್ರ ಈ ದೇಶ ಚಲೋ ಐತಿ ಬಿಡು."

ಊರು

ನೋರಾಳ ಊರಿನ ಹೆಸರು ಹೇಳಲು ನನಗೆ ಬಾಯಿ ತಿರುಗಲಿಲ್ಲ. ಬರೆಯುವುದು ಒಂದು, ಅನ್ನುವುದು ಇನ್ನೊಂದು. "ಬರ್ರಿ ಬರ್ರಿ, ಕುಂದ್ರಿ, ಚಾ ಕುಡೀರಿ," ಎಂದು ನೋರಾ ಬಾಗಿಲಲ್ಲೇ ನಿಂತು ಕೂಗಿದಾಗ ಓಣಿಯವರೆಲ್ಲ ಹೊರಗೆ ಬಂದು ನೋಡಿದರು. ಅಕ್ಕನೂ ನೋರಾಳೂ ತಬ್ಬಿಕೊಂಡು ಅತ್ತರು. ಜಿಟಿಜಿಟಿ ಮಳೆ ಬರುತ್ತಿತ್ತು. ಅಲ್ಲಿಯ ಜನ ಅದನ್ನು ಮಳೆ ಅನ್ನುವುದಿಲ್ಲ. "ಇವತ್ತು ಮೆತ್ತನೆಯ ದಿನ" ಅನ್ನುತ್ತಾರೆ. ಅಷ್ಟು ಮಳೆ ನಮ್ಮಲ್ಲಿ ಬಂದಿದ್ದರೆ ಶಾಲೆಗೆ ರಜಾ ಕೊಡುತ್ತಿದ್ದರು.

ಸಂಜೆ ಊರಿನವರು ಕೂಡುವ ಪಬ್ಬಿಗೆ ಹೋದೆವು. ಅಕ್ಕ ಕಿತ್ತಳೆ ರಸ ಹಿಡಿದು ಗೌರಮ್ಮನ ಹಾಗೆ ಕೂತಳು. ಗಂಡು ಬಂದಿರಲಿಲ್ಲ, ಅವನಿಗೆ ಭಾಳ ನಾಚಿಕೆ ಎಂದಳು ನೋರಾ. ಅವಳು ಯಾರನ್ನೋ ಮಾತಾಡಿಸಲು ಎದ್ದುಹೋದಾಗ, ಪಕ್ಕದಲ್ಲಿದ್ದ ಮುದುಕನೊಬ್ಬನ ಜೊತೆ ನಾನು ಮಾತು ತೆಗೆದೆ. ನನಗೆ ತೋಟದ್ದೇ ಧ್ಯಾನ.

"ನಾನು ಬಾಗ್ ನೋಡಬೇಕು," ಎಂದೆ ಇಂಗ್ಲಿಷಿನಲ್ಲಿ. "ತುಂಬ ದೂರದಿಂದ ಬಂದಿದ್ದೇನೆ."

ಮುದುಕನ ಮುಖದಲ್ಲಿ ಕನಿಕರ ಮೂಡಿತು. ಗ್ಲಾಸು ಕೆಳಗಿಟ್ಟು, ನನ್ನ ಮೊಣಕೈ ಹಿಡಿದು, ಜನರನ್ನು ಸರಿಸಿ ದಾರಿ ಮಾಡಿಕೊಂಡು, ಹಿಂದಿನ ಓಣಿಯಂಥ ಜಾಗಕ್ಕೆ ಕರೆದೊಯ್ದು ಒಂದು ಬಾಗಿಲು ತೆರೆದ. ಪಾಯಖಾನೆ. ನನ್ನ ಬೆನ್ನು ತಟ್ಟಿ ಬಾಗಿಲು ಮುಂದಕ್ಕೆಳೆದುಕೊಂಡು ಹೋದ. ಇಷ್ಟು ಮರ್ಯಾದೆ ಮಾಡಿದವನಿಗೆ ಬೇಸರವಾಗಬಾರದೆಂದು ಒಳಗೆ ಸ್ವಲ್ಪ ಹೊತ್ತು ನಿಂತು, ನೀರು ಬಿಟ್ಟು, ಹೊರಗೆ ಬಂದೆ. ಮುದುಕ ದೂರದಿಂದಲೇ ಆಯಿತೇ ಎಂಬಂತೆ ಹೆಬ್ಬೆರಳು ಎತ್ತಿದ. ನಾನೂ ಎತ್ತಿದೆ.

ಅಕ್ಕನಿಗೆ ಹೇಳಿದೆ. ಅವಳಿಗೆ ಇದರಲ್ಲಿ ಅಚ್ಚರಿಯೇ ಕಾಣಲಿಲ್ಲ. "ನಾವು ಕೆರಿ ಕಡಿ ಹೋಗಿ ಬರ್ತೀನಿ ಅಂತೀವಿ. ಇವ್ರು ತ್ವಾಟದ ಕಡಿ ಅಂತಾರ. ದೇಶ ಯಾವುದಾದ್ರೇನು, ಚರಿಗಿ ತಗಂಡು ಹೋಗೋದು ಹೊರಗಡಿಗೇ."

ಬಾಗ್

ಮರುದಿನ ಗಂಡಿನ ಮನೆ ನೋಡುವ ಶಾಸ್ತ್ರ. ಅಲ್ಲಿ ಅಂಥ ಶಾಸ್ತ್ರ ಇಲ್ಲ, ಅಕ್ಕ ಮಾಡಿಸಿದಳು. ಹಸಿರು ರೇಷ್ಮೆ ಸೀರೆ ಉಟ್ಟಳು. ಚಳಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ನಾನು ಅಡಿಯಿಂದ ಮುಡಿವರೆಗೆ ಬಿಳಿ. ನೋರಾ ನನ್ನ ಬೂಟು ನೋಡಿ, "ಈರಣ್ಣ, ರಬ್ಬರ್ ಬೂಟ್ ಕೊಡ್ಲೇನು?" ಎಂದಳು. ಬಗೀಚೆ ನೋಡಲು ಹೋಗುವವನಿಗೆ ರಬ್ಬರ್ ಬೂಟು ಯಾಕೆ? ಬೇಡ ಎಂದೆ.

ಊರಾಚೆ ಸಣ್ಣ ಕಲ್ಲಿನ ಮನೆ. ಬಾಗಿಲಲ್ಲಿ ಪ್ಯಾಡಿ ನಿಂತಿದ್ದ. ಆರಡಿ ಮೀರಿದ ಆಳು, ಕೆಂಪು ಮುಖ, ಹೊಸ ಸ್ವೆಟರು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿನಲ್ಲಿ, ಒಮ್ಮೆ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಅಕ್ಕ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಭತ್ತಪ್ಪ ಚಲೋ ಅದಾನ," ಎಂದು ಒಪ್ಪಿಗೆ ಕೊಟ್ಟಳು. "ನಡೀ, ಬಾಗ್ ತೋರಿಸು."

ಮನೆಯ ಹಿಂದಿನ ಬೇಲಿ ದಾಟಿದರೆ ಎದುರಿಗೆ ಬಯಲು. ಒಂದು ಗಿಡವಿಲ್ಲ, ಒಂದು ಬಳ್ಳಿಯಿಲ್ಲ. ಕಂದು ಬಣ್ಣದ, ಕೂದಲು ಉದುರಿದ ಕಂಬಳಿ ಹಾಸಿದ ಹಾಗೆ ಆಕಾಶದವರೆಗೂ ಅದೇ. ನಡುನಡುವೆ ನೀರು ಮಿಂಚುತ್ತಿತ್ತು.

"ತ್ವಾಟ ಎಲ್ಲೈತಿ?" ಎಂದಳು ಅಕ್ಕ ನನ್ನ ಕಿವಿಯಲ್ಲಿ.

"ಇದರಾಚೆ ಇರಬೇಕು."

ಅಷ್ಟರಲ್ಲಿ ಅಕ್ಕನ ಕಣ್ಣಿಗೆ ಬೆಳ್ಳಗೆ ಏನೋ ಬಿತ್ತು. ಸ್ವಲ್ಪ ದೂರದಲ್ಲಿ, ಹುಲ್ಲಿನ ತುದಿಗೆ, ಅರಳಿದ ಹತ್ತಿಯಂಥ ಗೊಂಚಲುಗಳು ಗಾಳಿಗೆ ತೂಗುತ್ತಿದ್ದವು.

"ಹತ್ತಿ ಹಾಕ್ಯಾನಲೇ!" ಎಂದಳು. "ಇಷ್ಟು ಗಿಡ್ಡ ತಳಿ ನಾ ನೋಡೇ ಇಲ್ಲ." ನೋರಾ ಪ್ಯಾಡಿಗೆ ಏನನ್ನೋ ಹೇಳುತ್ತಿದ್ದಳು. ಅವರು ತಿರುಗಿ ನೋಡುವುದರೊಳಗೆ ಅಕ್ಕ ಸೀರೆ ಎತ್ತಿ ಕಟ್ಟಿ ಹೊರಟಾಗಿತ್ತು. ಹುಟ್ಟಿದಾಗಿನಿಂದ ಗದ್ದೆಯಲ್ಲಿ ಓಡಾಡಿದವಳು. ಹಸಿ ನೆಲ ಕಂಡು ಹೆದರುವ ಪೈಕಿ ಅಲ್ಲ. "ಕೆಸರು ಅಂದ್ರ ಕೆಸರ ಬಾರಲೇ, ನಮ್ಮೂರಾಗ ಇಲ್ದಿದ್ದು ಏನೈತಿ?" ಎಂದು ನನಗೂ ಧೈರ್ಯ ಹೇಳಿದಳು. ಮುಂದಿನ ಹೆಜ್ಜೆಗೆ ಮೊಣಕಾಲವರೆಗೆ ಹೋದಳು. ಅದರ ಮುಂದಿನದಕ್ಕೆ ತೊಡೆಯವರೆಗೆ.

ಮೆಟ್ರಿಯ ಗದ್ದೆಗೆ ಎಷ್ಟೇ ಕೆಸರಿದ್ದರೂ ಕೆಳಗೊಂದು ತಳ ಇರುತ್ತದೆ. ಕಾಲು ಇಳಿಯುತ್ತದೆ, ಗಟ್ಟಿ ನೆಲ ಸಿಗುತ್ತದೆ, ನಿಲ್ಲುತ್ತದೆ. ಅಕ್ಕ ಆ ತಳಕ್ಕಾಗಿ ಕಾಯುತ್ತಿದ್ದಳು. ಅವಳ ಮುಖ ಬಣ್ಣ ಬದಲಿಸಿದ್ದನ್ನು ನಾನು ಕಂಡೆ.

"ಲೇ ಈರಾ! ತಳಾನ ಸಿಗವಲ್ದಲೇ!"

ನಾನು ಓಡಿದೆ. ಬಿಳಿ ಬೂಟಿನ ಎಡಗಾಲು ಒಳಗೆ ಹೋಯಿತು. ಜಗ್ಗಿದರೆ ಕಾಲು ಬಂತು, ಬೂಟು ಬರಲಿಲ್ಲ. ಬೂಟಿಗೆ ಬಗ್ಗಿದೆ, ಎರಡೂ ಕೈ ಹೋದವು. ನಾಲ್ಕು ಕಾಲಿನ ಮೇಲೆ ನಿಂತು, ಎದುರಿಗೆ ಸೊಂಟದವರೆಗೆ ಹೂತಿದ್ದ ಒಡಹುಟ್ಟಿದ ಅಕ್ಕನನ್ನು ನೋಡುತ್ತಾ, ನಮ್ಮಪ್ಪ ಅವ್ವ ಇದನ್ನು ನೋಡಲು ಇಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ.

"ಒದ್ದಾಡಬ್ಯಾಡ್ರಿ ಅಕ್ಕಾ!" ನೋರಾ ಕೂಗುತ್ತಿದ್ದಳು. "ಒದ್ದಾಡಿದ್ರ ಇನ್ನಾ ಒಳಗ ಹೊಕ್ಕೀರಿ!"

"ಒದ್ದಾಡದ ಸುಮ್ಕ ಹೂತು ಹೋಗ್ಲೇನು?" ಅಕ್ಕ ಅಲ್ಲಿಂದಲೇ ಜಗಳ ತೆಗೆದಳು.

ಪ್ಯಾಡಿ ಉದ್ದನೆಯ ಹಲಗೆ ತಂದು ಹಾಕಿ, ಅದರ ಮೇಲೆ ಮಕಾಡೆ ಮಲಗಿ, ಅಕ್ಕನ ಕಂಕುಳಿಗೆ ಕೈ ಹಾಕಿದ. ಅಕ್ಕ, "ಮುಟ್ಟಬ್ಯಾಡ, ಬ್ಯಾಡ, ಬ್ಯಾಡ!" ಎಂದು ಅವನ ತಲೆಯ ಮೇಲೆ ಹೊಡೆಯುತ್ತಿದ್ದಳು. ಹೊಡೆತ ತಿನ್ನುತ್ತಲೇ ಅವನು ಎಳೆದ. ಸಂಡೂರಿನ ಗುಡ್ಡದಲ್ಲಿ ಹೂತ ಲಾರಿಯ ಗಾಲಿ ಮೇಲೆ ಬರುವಾಗ ಬರುವಂಥ ಒಂದು ಸದ್ದು ಬಂತು. ಅಕ್ಕ ಹೊರಗೆ ಬಂದಳು. ಚಪ್ಪಲಿಗಳು ಅಲ್ಲೇ ಉಳಿದವು.

ಬೇಲಿಯ ಹತ್ತಿರ ಕೂತು ಉಸಿರು ಬಂದ ಮೇಲೆ ಅವಳು ಮೊದಲು ಆಡಿದ ಮಾತು: "ನೂರವ್ವಾ, ಬಾಗ್ ಎಲ್ಲೈತಿ?"

"ಇದ ಬಾಗ್ ಅಕ್ಕಾ."

"ಇದು ಬಾಗಾ? ಇದು ಹುದಲು! ಎಮ್ಮಿ ಬಿದ್ರ ಎಮ್ಮಿ ಸಿಗಂಗಿಲ್ಲ. ನಲವತ್ತ ಎಕರೆ ಬಾಗ್ ಅಂದ್ಯಲ್ಲ?"

ನೋರಾಳಿಗೆ ಆಗ ಅರ್ಥವಾಯಿತು. ಅವರ ಹಳೆಯ ಭಾಷೆಯಲ್ಲಿ ಬಾಗ್ ಎಂಬ ಮಾತಿಗೆ ಮೆತ್ತಗೆ ಎಂದು ಅರ್ಥವಂತೆ. ಕಾಲು ಹೂಳುವ ಇಂಥ ಮೆತ್ತನೆಯ ನೆಲಕ್ಕೆ ಅದೇ ಹೆಸರಾಯಿತು. ಇಂಗ್ಲಿಷಿನವರು ಅದನ್ನೇ ಎತ್ತಿಕೊಂಡರು. ಆಮೇಲೆ ಕೆಲವರು ಪಾಯಖಾನೆಗೂ ಅದನ್ನೇ ಅಂದರು. ಇಷ್ಟನ್ನು ಹೇಳುತ್ತಾ ಹೇಳುತ್ತಾ ಅವಳಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ.

"ಊರಿಗೆಲ್ಲ ತ್ವಾಟ ಅಂತ ಹೇಳಿ ಬಂದೀನಿ. ಹುದಲು ಇಟ್ಕೊಂಡೋನಿಗೆ ನಾ ಹೆಣ್ಣು ಕೊಡಂಗಿಲ್ಲ."

ನೋರಾಳ ನಗು ನಿಂತಿತು. ಬೇರೆಯವರಾಗಿದ್ದರೆ ಯಾರು ಕೇಳಿದರು ನಿಮ್ಮನ್ನು ಎನ್ನುತ್ತಿದ್ದರು. ಅವಳು ಅನ್ನಲಿಲ್ಲ. ಕೆಸರಿನಲ್ಲೇ ಅಕ್ಕನ ಪಕ್ಕ ಕೂತು, "ನೀವ ಬ್ಯಾಡ ಅಂದ್ರ ಹೆಂಗ ಅಕ್ಕಾ?" ಎಂದಳು. ಮುರಿದ ಕಾಲಿಗೆ ಎಣ್ಣೆ ತಿಕ್ಕಿದವಳ ಒಪ್ಪಿಗೆ ಅವಳಿಗೆ ನಿಜವಾಗಿಯೂ ಬೇಕಿತ್ತು. ಅದನ್ನು ನೋಡಿ ನನ್ನ ನಗುವೂ ಇಳಿಯಿತು.

ಅದೇ ಹೊತ್ತಿಗೆ ಅಕ್ಕ ಕೆಸರಾದ ಕಾಲುಚೀಲದ ಮೇಲಿಂದಲೇ ಕಾಲು ಮುಟ್ಟಿಕೊಂಡು ಚೀರಿದಳು. ಬಲಗಾಲಿನ ಕಾಲುಂಗುರ ಇರಲಿಲ್ಲ. "ನನ್ನ ಮುತ್ತೈದಿತನ ಹುದಲಾಗ ಹೋತಲ್ಲಪ್ಪೋ!" ನೋರಾ ವಿಷಯ ಹೇಳಿದಳು. ಪ್ಯಾಡಿ ತಲೆಯಾಡಿಸಿ, ಹಲಗೆ ಹೆಗಲಿಗೆ ಹಾಕಿಕೊಂಡು, ಹುದಲಿಗೆ ವಾಪಸು ಹೋದ.

ಅಡುಗೆಮನೆ

ಪ್ಯಾಡಿಯ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಒಲೆಗೆ ಹಾಕುವುದೂ ಅದೇ ಹುದಲಿನ ಮಣ್ಣು: ಸಗಣಿ ಕುಳ್ಳಿನ ಹಾಗೆ ಕತ್ತರಿಸಿ ಒಣಗಿಸಿಡುತ್ತಾರೆ. ಅಕ್ಕನಿಗೆ ನೋರಾ ತನ್ನದೊಂದು ಗೌನು ಕೊಟ್ಟು, ಪ್ಯಾಡಿಗೆ ಚಹಾ ಒಯ್ದುಕೊಡಲು ಹೊರಗೆ ಹೋದಳು. ಅಕ್ಕ ಒಲೆಯ ಮುಂದೆ ಕೂತು ಕಾಲುಚೀಲ ಬಿಚ್ಚಿದಳು. ಮೇಲಿನ ಜೊತೆ ಬಂತು. ಒಳಗಿನ ಜೊತೆ ಬಂತು. ಅದನ್ನು ಬೋಗುಣಿಯ ಮೇಲೆ ಹಿಂಡಿದಾಗ, ಕೆಸರಿನ ಜೊತೆಗೆ ಟಣ್ ಎಂದು ಏನೋ ಬಿತ್ತು.

ಕಾಲುಂಗುರ.

ನಾನು ಎದ್ದು ಬಾಗಿಲಿಗೆ ಓಡಿದೆ. ಅಕ್ಕ ನನ್ನ ಅಂಗಿಯ ಹಿಂಭಾಗ ಹಿಡಿದಳು.

"ಎಲ್ಲಿಗೆ?"

"ಹೇಳಿ ಬರ್ತೀನಿ. ಪಾಪ, ಮನುಷ್ಯ ಅಲ್ಲಿ..."

"ಸುಮ್ಕ ಕುಂದ್ರು. ಹೊತ್ತು ಮುಣುಗೋತನ ನೋಡಾನ."

"ಏನು ನೋಡೋದು?"

"ಹೆಣ್ಣು ಕೊಡೋರು ನಾವು. ನೋಡಬೇಕು."

ಮಂಡಿ ನೋವಿನಿಂದ ಬಗ್ಗಲಾಗದೆ, ಅವಳು ಕಾಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೆಳಕಿಗೆ ಹಿಡಿದು, ಉಂಗುರ ತೊಟ್ಟುಕೊಂಡಳು. ಕಿಟಕಿಯಾಚೆ ಪ್ಯಾಡಿ ಕಾಣುತ್ತಿದ್ದ. ಹಲಗೆಯ ಮೇಲೆ ಮಕಾಡೆ ಮಲಗಿ, ಭುಜದವರೆಗೆ ಕೈ ಒಳಗೆ ಹಾಕಿ ತಡಕುತ್ತಿದ್ದ. ಏನೋ ಸಿಕ್ಕಿತು, ಎತ್ತಿದ: ನನ್ನ ಬೂಟು. ಪಕ್ಕಕ್ಕಿಟ್ಟ. ಮತ್ತೆ ಕೈ ಹಾಕಿದ. ಅಕ್ಕನ ಒಂದು ಚಪ್ಪಲಿ. ಮತ್ತೆ ಹಾಕಿದ. ಹೊಸ ಸ್ವೆಟರಿನ ಬಣ್ಣ ಯಾವುದಿತ್ತು ಎಂದು ಆಗಲೇ ಮರೆತುಹೋಗಿತ್ತು.

ಹೊತ್ತು ಮುಳುಗುವವರೆಗೆ ಎಂದು ಅಕ್ಕ ಹೇಳಿದ್ದು ಮೆಟ್ರಿಯ ಲೆಕ್ಕದಲ್ಲಿ. ಅಲ್ಲಿ ದನ ಮನೆಗೆ ಬರುವ ಹೊತ್ತಿಗೆ ಸೂರ್ಯನೂ ಮನೆಗೆ ಹೋಗುತ್ತಾನೆ. ಆ ದೇಶದ ಬೇಸಿಗೆಯಲ್ಲಿ ಸೂರ್ಯನಿಗೆ ಮನೆಯೇ ಇಲ್ಲ. ನಾವು ಚಹಾ ಕುಡಿದೆವು, ಬೆಳಕಿತ್ತು. ಬ್ರೆಡ್ಡು ತಿಂದೆವು, ಬೆಳಕಿತ್ತು. ನೋರಾ ಬಂದು, ಅವನು ಬರುವುದಿಲ್ಲ ಅನ್ನುತ್ತಿದ್ದಾನೆ ಎಂದು ಹೇಳಿ ಇನ್ನೊಂದು ಫ್ಲಾಸ್ಕ್ ಒಯ್ದಳು. ಅಕ್ಕ ಗೌನಿನ ಅಂಚು ಕೆಳಗೆಳೆದು ಪಾದ ಮುಚ್ಚಿಕೊಂಡು ಕೂತಿದ್ದಳು. ಮಳೆ ಶುರುವಾಯಿತು. ಆಗಲೂ ಬೆಳಕಿತ್ತು.

"ಅಕ್ಕಾ, ಸಾಕು," ಎಂದೆ. "ಈ ಸೂರ್ಯ ಮುಳುಗಂಗಿಲ್ಲ. ಅವನು ಸತ್ತಗಿತ್ತಾನು."

ಅಕ್ಕ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮ ಭಾವ," ಎಂದಳು, "ಒಮ್ಮಿ ನನ್ನ ಕಿವಿ ಬೆಂಡೋಲಿ ಕಾಲುವ್ಯಾಗ ಬಿತ್ತು. ದಂಡಿ ಮ್ಯಾಲೆ ನಿಂತು, ಹೋದ್ರ ಹೋಗ್ಲಿ ಬಿಡು ಅಂದ." ಆಮೇಲೆ ಬರಿಗಾಲಲ್ಲೇ ಎದ್ದು, ಗೌನು ಎತ್ತಿ ಹಿಡಿದು, ಮಳೆಯಲ್ಲಿ ಬೇಲಿಯವರೆಗೆ ಓಡಿದಳು.

"ಭತ್ತಪ್ಪಾ! ಏ ಭತ್ತಪ್ಪಾ! ಏಳಪಾ ಮಗನ, ಸಿಕ್ತು, ಸಿಕ್ತು!"

ಎಲ್ಲಿ ಸಿಕ್ಕಿತು ಎಂದು ನೋರಾ ಕೇಳಿದಳು. "ಇಲ್ಲೇ... ಹುಲ್ಲಾಗ," ಎಂದಳು ಅಕ್ಕ, ನನ್ನ ಕಡೆ ನೋಡದೆ. ಪ್ಯಾಡಿ ಎದ್ದು ನಿಂತ. ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕರಿ. ಅಕ್ಕ ತಾನೇ ಅವನ ಮುಖ ತೊಳೆದಳು. ಚಟ್ನಿಪುಡಿ ಕಲಸಿ ಬಿಸಿ ಅನ್ನ ಉಣ್ಣಿಸಿದಳು. ಅವನ ಕಣ್ಣಲ್ಲಿ ನೀರು ಬಂತು. ಪ್ರೀತಿಗೆ ಬಂತೋ, ಖಾರಕ್ಕೆ ಬಂತೋ ಹೇಳಲಾರೆ.

ಲಗ್ನ

ಮದುವೆ ಊರಿನ ಕಮ್ಯುನಿಟಿ ಹಾಲ್‌ನಲ್ಲಿ ನಡೆಯಿತು. ಅಕ್ಕ ನೋರಾಳಿಗೆ ಸೀರೆ ಉಡಿಸಿ, ಮೆಟ್ರಿಯ ಅಕ್ಕಿಯಿಂದ ಉಡಿ ತುಂಬಿದಳು. ಉಂಗುರ ಬದಲಿಸುವಾಗ ಹೊರಗೆ ಮಳೆ. "ಮೆತ್ತನೆಯ ದಿನ," ಎಂದು ಎಲ್ಲರೂ ಸಂತೋಷಪಟ್ಟರು. ಪಬ್ಬಿನ ಮುದುಕನೂ ಬಂದಿದ್ದ. ನನ್ನನ್ನು ಕಂಡ ಕೂಡಲೇ ಎದ್ದು, ಮೂಲೆಯ ಒಂದು ಬಾಗಿಲು ತೋರಿಸಿ ಕಣ್ಣು ಮಿಟುಕಿಸಿದ.

ಊಟದ ನಡುವೆ ಗಂಡು ಎದ್ದು ನಾಲ್ಕು ಮಾತಾಡುವುದು ಅಲ್ಲಿಯ ಪದ್ಧತಿ. ಪ್ಯಾಡಿ ಎದ್ದ. ಕೈ ಜೇಬಿಗೆ, ಬೆನ್ನ ಹಿಂದೆ, ಮತ್ತೆ ಜೇಬಿಗೆ. ಏನೋ ಹೇಳಿದ. ಹಾಲ್ ತುಂಬ ನಗೆ ಎದ್ದಿತು. ಎಲ್ಲರೂ ಅಕ್ಕನ ಕಡೆ ತಿರುಗಿದರು. ನಾನು ತಟ್ಟೆಯಲ್ಲಿ ಮುಖ ಇಟ್ಟೆ.

"ಏನಂದ? ಏನಂದ ನೂರವ್ವಾ?"

ನೋರಾ ನಗುತ್ತಲೇ ಕನ್ನಡಕ್ಕೆ ಇಳಿಸಿದಳು. "ಬಾಗ್‌ನ್ಯಾಗ ಉಂಗುರ ಹುಡುಕುವಾಗ ತಲಿ ಎತ್ತಿ ಮನಿ ಕಡಿ ನೋಡಿದ್ನಂತ್ರಿ. ಕಿಟಕ್ಯಾಗ ಒಂದು ಕಾಲು ಕಾಣ್ತಂತ. ಕಾಲಾಗ ಉಂಗುರ ಇತ್ತಂತ."

ಅಕ್ಕ ಸೆರಗು ತೆಗೆದು ಮುಖ ಮುಚ್ಚಿಕೊಂಡಳು. ಸೆರಗಿನೊಳಗಿಂದಲೇ ಕೇಳಿದಳು, "ಮತ್ತ ಯಾಕ ಎದ್ದು ಬರ್ಲಿಲ್ಲ ಮೂಳ? ಮಳಿಯಾಗ ಅಷ್ಟೊತ್ತು ಯಾಕ ಬಿದ್ದಿದ್ದ?"

ನೋರಾ ಕೇಳಿದಳು. ಪ್ಯಾಡಿ ಕಿವಿಯವರೆಗೆ ಕೆಂಪಾಗಿ, ನೆಲ ನೋಡುತ್ತಾ ಉತ್ತರ ಕೊಟ್ಟ. ಈ ಸಲ ನೋರಾ ಅಕ್ಕನ ಕೈ ಹಿಡಿದು ಹೇಳಿದಳು.

"ಅತ್ತಿ ಇನ್ನಾ ನೋಡಾಕತ್ತಿದ್ರು, ಅದಕ್ಕ ಏಳಲಿಲ್ಲ ಅಂತಾನ ಅಕ್ಕಾ."

ಸೆರಗು ನಿಧಾನವಾಗಿ ಕೆಳಗಿಳಿಯಿತು. ಅಕ್ಕ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಇಡೀ ಹಾಲ್‌ಗೆ ಕೇಳುವಷ್ಟು ಮೆತ್ತಗೆ ಹೇಳಿದಳು:

"ಈರಾ, ಮೆಟ್ರಿಗೆ ಫೋನ್ ಹಚ್ಚು. ನಿಮ್ಮ ಭಾವಗ ಆ ಬೆಂಡೋಲಿದು ಒಂದು ಮಾತು ಕೇಳೋದೈತಿ."